ನೆರಳಿಗೆ ಎಳೆದ ಕುರ್ಚಿ

ಅಂತರಸನಹಳ್ಳಿಯಲ್ಲಿ ಸ್ಕೂಟರ್ ಪಂಕ್ಚರ್ ಆಗಿ ನಿಂತಾಗ, ಟ್ಯೂಬಿಗೆ ಹಚ್ಚಿದ ಸಲ್ಯೂಷನ್ನಿನ ವಾಸನೆ ಮೂಗಿಗೆ ಬಡಿಯಿತು. ಕೊತ್ತಗೆರೆಯ ನಮ್ಮ ಹಿತ್ತಲಿನ ವಾಸನೆ ಅದು. ಅಕ್ಕ ಹಳೇ ಸೈಕಲ್ ಟ್ಯೂಬನ್ನು ಪಟ್ಟಿಪಟ್ಟಿಯಾಗಿ ಕತ್ತರಿಸಿ, ಬಟ್ಟೆಯುಂಡೆಗೆ ಸುತ್ತಿ, ಸಲ್ಯೂಷನ್ ಹಚ್ಚಿ, ಶಾಲೆಯಲ್ಲಿ ಕಲಿತ ಬೇಸ್‌ಬಾಲ್ ಆಟಕ್ಕೆ ಚೆಂಡು ಮಾಡುತ್ತಿದ್ದಳು. ತೆಂಗಿನ ಸಾಲಿನ ನಡುವೆ ನಿಂತು ಅವಳು ಎಸೆಯುವುದು, ತಂಗಿಯಾದ ನಾನು ಹಿಡಿಯುವುದು. ಕೈಗೆ ಗೋಣಿಚೀಲ ಸುತ್ತಿಕೊಂಡರೂ ಅಂಗೈ ಉರಿದು, ರಾತ್ರಿ ಮುದ್ದೆ ಮುರಿಯಲಾಗುತ್ತಿರಲಿಲ್ಲ. "ಮೆಲ್ಲಗೆ ಎಸಿಯೇ ಬಜಾರಿ, ಮಗಿನ ಕೈ ಮುರ್ದೋಯ್ತದೆ!" ಎಂದು ಜಗಲಿಯಿಂದ ಕೂಗುತ್ತಿದ್ದ ಅಜ್ಜಿಯೇ ಕೊಬ್ಬರಿ ಎಣ್ಣೆ ಬಿಸಿಮಾಡಿ ತಂದು ನನ್ನ ಅಂಗೈಗೂ ಅಕ್ಕನ ತೋಳಿಗೂ ತಿಕ್ಕುತ್ತಿದ್ದಳು.

ಒಂದು ವರ್ಷ ತುಮಕೂರಿನ ಕ್ರೀಡಾ ಹಾಸ್ಟೆಲ್ಲಿಗೆ ವೇಗವಾಗಿ ಚೆಂಡೆಸೆಯುವ ಹುಡುಗಿಯರನ್ನು ಆರಿಸುವವರಿದ್ದರು. "ಸೀಟ್ ಸಿಕ್ರೆ ಓದ್ಕೊ ಹೋಗು. ಸಿಗ್ಲಿಲ್ಲ ಅಂದ್ರೆ ಗಂಡು ನೋಡ್ತೀನಿ" ಎಂದಿದ್ದರು ಅಪ್ಪ. ಕುಣಿಗಲ್ ಬಸ್ಸು ದಾರಿಯಲ್ಲಿ ಕೆಟ್ಟು, ನಾವು ತಡವಾಗಿ ಮೈದಾನ ಮುಟ್ಟಿದೆವು. ಗುಬ್ಬಿಯ ಹುಡುಗಿಯರು ಎಸೆಯುತ್ತಿದ್ದರು. ಆರಿಸುವ ಸರ್ ಅವರ ಬೆನ್ನ ಹಿಂದೆಯೇ ಕುರ್ಚಿ ಹಾಕಿಕೊಂಡು, ಚೆಂಡು ಕೈಬಿಟ್ಟ ತಕ್ಷಣ ವೇಗ ಅಳೆಯುವ ಮೆಷಿನ್ ಒತ್ತುತ್ತಿದ್ದ. ಅಕ್ಕನ ಸರದಿ ಬರುವಷ್ಟರಲ್ಲಿ ಅಲ್ಲಿಗೆ ಬಿಸಿಲು ಬಂತು. ಪುಣ್ಯಾತ್ಮ ಎದ್ದು, ಕುರ್ಚಿಯನ್ನು ಎದುರು ತುದಿಯ ಹೊಂಗೆ ನೆರಳಿಗೆ ಎಳೆಸಿಕೊಂಡು, ಚೆಂಡು ಹಿಡಿಯುವವಳ ಗ್ಲೌಸ್ ಮುಟ್ಟುವ ಹೊತ್ತಿಗೆ ಮೆಷಿನ್ ಒತ್ತಿದ. ಗಾಳಿ ಸೀಳಿಕೊಂಡು ಬರುವ ಚೆಂಡು ಬರುಬರುತ್ತ ವೇಗ ಕಳೆದುಕೊಳ್ಳುತ್ತದೆ. ಅದು ನನ್ನ ಅಂಗೈಗೇ ಗೊತ್ತಿತ್ತು: ಹತ್ತಿರ ನಿಂತು ಹಿಡಿದರೆ ಬೆಂಕಿ, ಹಿಂದೆ ಸರಿದು ಹಿಡಿದರೆ ಬರೀ ಚುರುಕು. ಮೆಷಿನ್ ಕೂದಲೆಳೆಯಷ್ಟು ವೇಗ ಕಡಿಮೆ ತೋರಿಸಿತು, ಅಕ್ಕನ ಸೀಟು ಹೋಯಿತು.

"ಸರ್, ಅವ್ರಿಗೆಲ್ಲ ಕೈಹತ್ರ ಮೆಷಿನ್ ಹಿಡಿದ್ರಿ, ನಮ್ಮಕ್ಕಂಗೆ ಇಲ್ಲಿ ಹಿಡಿದ್ರಲ್ಲ? ಇಲ್ಲಿಗೆ ಬರೋವಷ್ಟ್ರಲ್ಲಿ ಚೆಂಡು ನಿಧಾನ ಆಗಲ್ವಾ?" ಎಂದು ಅಳುತ್ತಲೇ ಕೇಳಿದೆ.

"ಮೆಷಿನ್ ಸುಳ್ಳು ಹೇಳ್ತದೇನಮ್ಮಾ? ನಡಿ ಆಚೆ."

ಅವನ ಮನೆ ಹಾಳಾಗ! ಇನ್ನೊಂದು ಸಲ ಎಸೆಸಿದ್ದರೆ ಅವನ ಗಂಟೇನು ಹೋಗುತ್ತಿತ್ತು? ತನ್ನ ನೆತ್ತಿಗೆ ಬಿಸಿಲು ತಾಗಬಾರದೆಂದು ಒಂದು ಹುಡುಗಿಯ ಬದುಕನ್ನೇ ಪಕ್ಕಕ್ಕೆ ತಳ್ಳಿದ. ಇಂಥವರನ್ನು ನೀವೂ ಕಂಡಿರುತ್ತೀರಿ. ಆ ವರ್ಷವೇ ಅಕ್ಕನ ಮದುವೆಯಾಯಿತು. ಆಮೇಲೆ ಅಜ್ಜಿ ಹೋದಳು, ಅಪ್ಪ ಹೋದರು. ಹಿತ್ತಲಿನ ತೆಂಗು ಕಡಿದು ಯಾರೋ ಸೈಟು ಮಾಡಿದ್ದಾರೆ. ಅಲ್ಲೀಗ ನಿಂತರೆ ಜಗಲಿ ಎಲ್ಲಿತ್ತೆಂದು ತೋರಿಸಲೂ ಆಗುವುದಿಲ್ಲ.

ಪಂಕ್ಚರ್ ಅಂಗಡಿಯಿಂದಲೇ ಗುಬ್ಬಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿ, ಆ ಮನುಷ್ಯನನ್ನು ಬಾಯಿಗೆ ಬಂದಂತೆ ಬೈದೆ. "ಬುಡೇ, ಅದ್ಯಾಕೀಗ" ಎಂದಳು. ಆಮೇಲೆ "ನಿನ್ ಕೈ ಇನ್ನೂ ಉರೀತದೇನೇ?" ಎಂದು ಕೇಳಿದಳು.

"ಇಲ್ಲ ಕಣಕ್ಕ" ಎಂದೆ. ಉರಿಯುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.