ನನ್ನ ಗೋಡೆಯ ಕಾರ್ಯದರ್ಶಿ

ಕಲ್ಕತ್ತೆಯ ಸಿಯಾಲ್ದಾ ಸ್ಟೇಷನ್ ಹತ್ತಿರದ ನನ್ನ ಇಡ್ಲಿ ಹೋಟೆಲಿನ ಗೋಡೆಯನ್ನು ಕಮ್ಯುನಿಸ್ಟ್ ಯುವ ಸಂಘದ ಕಾರ್ಯದರ್ಶಿ ಪ್ರತಿ ಚುನಾವಣೆಗೂ ತಿಂಗಳುಗಟ್ಟಲೆ ಮೊದಲೇ ಹಿಡಿದಿಡುತ್ತಿದ್ದ. ಸುಣ್ಣ ಬಳಿದು ಸಂಘದ ಹೆಸರು ಬರೆದರಾಯಿತು, ಬೇರೆ ಪಕ್ಷದವರು ಮುಟ್ಟುವಂತಿಲ್ಲ. ನನ್ನನ್ನು ಕೇಳುವ ಪದ್ಧತಿಯೇ ಇರಲಿಲ್ಲ. ಬೈದರೆ, ಬಣ್ಣ ಮೆತ್ತಿದ ಬೆರಳಿನಿಂದಲೇ ಕನ್ನಡಕ ಏರಿಸಿ, "ಗೋಡೆ ಜನರದ್ದು ದಾದಾ. ಒಂದು ಚಾ ಕೊಡಿ," ಎನ್ನುತ್ತಿದ್ದ.

ಎಪ್ಪತ್ತರ ದಶಕದ ಶುರುವಿನಲ್ಲಿ, ರೋಸಿಹೋಗಿ, ಒಂದು ಬೆಳಿಗ್ಗೆ ನಾನೇ ಆ ಸಂಘದ ಹೆಸರು ಅಳಿಸಿದೆ. ಖಾಲಿ ಗೋಡೆ ಕಂಡ ಎದುರು ಪಕ್ಷದ ಹುಡುಗರು ಮಧ್ಯಾಹ್ನದೊಳಗೆ ತಮ್ಮ ಹೆಸರು ಬರೆದರು. ಅಳಿಸಿದ್ದೂ ಅವರೇ ಎಂದುಕೊಂಡು ಇವನು ಜಗಳಕ್ಕೆ ಹೋಗಿ, ಬಲಗೈ ಮುರಿಸಿಕೊಂಡು ಬಂದ.

"ಅವರೇ ಅಳಿಸಿದ್ದಲ್ವಾ ದಾದಾ? ನೀವು ನೋಡಿರ್ತೀರಿ."

"ಈಗಾದ್ರೂ ನಿಜ ಹೇಳಿ ಮಾರಾಯ್ರೆ," ಎಂದು ಅಡುಗೆಮನೆಯಿಂದ ಹೆಂಡತಿ ಕನ್ನಡದಲ್ಲಿ ಹೇಳಿದಳು.

"ಹೌದು, ಅವರೇ," ಎಂದೆ ಅವನಿಗೆ.

ಆ ಪುಣ್ಯಾತ್ಮ ಅಷ್ಟಕ್ಕಾದರೂ ಬಿಡಬೇಕಲ್ಲ! ಎಡಗೈಯಲ್ಲಿ ಕುಂಚ ಹಿಡಿದು ಮತ್ತೆ ನನ್ನ ಗೋಡೆಯೆದುರು ನಿಂತ. ಒಂದಕ್ಷರವೂ ನೆಟ್ಟಗೆ ಬರಲಿಲ್ಲ. ನಾನು ಬೈಯುತ್ತಲೇ ಹೋಗಿ ಅವನ ಬಣ್ಣದ ಡಬ್ಬಿ ಹಿಡಿದುಕೊಂಡೆ. ಸಂಜೆಯವರೆಗೂ ಪಕ್ಕದಲ್ಲೇ ನಿಂತಿದ್ದೆ. ನಿಜ ಮಾತ್ರ ಬಾಯಿಗೆ ಬರಲಿಲ್ಲ.