ಮನೆಯಲ್ಲಿದ್ದೇ ಪರದೇಶಕ್ಕೆ ಹೋದ ಗಾದಿ ಚಾಚಾ

ಹೋದ ವಾರ ಗೋವಾದ ಫೋಂಡಾ ಪೇಟೆಯಲ್ಲಿ ಯಾರೋ ಹಳೆಯ ಗಾದಿಯೊಂದನ್ನು ಹರಿದು ರಸ್ತೆಬದಿಗೆ ಎಸೆದಿದ್ದರು. ಮಳೆಗೆ ತೊಯ್ದು ಬಿಸಿಲಿಗೆ ಅರ್ಧ ಒಣಗಿದ ಅರಳೆ. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಹಿಂದೆ ತಿರುಗಿ ನೋಡಿದೆ. ಚಾಚಾನ ನೆನಪಾದದ್ದು ಆಮೇಲೆ. ಅವರ ನೆನಪು ನನಗೆ ಯಾವಾಗಲೂ ಹೀಗೆಯೇ, ಮೊದಲು ಹೆದರಿಕೆ ಬರುತ್ತದೆ, ಅದರ ಹಿಂದೆ ಅವರು ಬರುತ್ತಾರೆ.

ಎಂಬತ್ತರ ದಶಕದ ನಡುವಿನ ಮಾತು. ಧಾರವಾಡದಿಂದ ಬಂದ ನನ್ನ ಅಪ್ಪ ಫೋಂಡಾದಲ್ಲಿ ಕಾಗದ, ಪೆನ್ನು ಮಾರುವ ಸಣ್ಣ ಅಂಗಡಿ ಇಟ್ಟಿದ್ದರು. ಮೂಲೆಯಲ್ಲಿ ಒಂದು ಟೈಪ್ ಮಷಿನ್. ಮೆಟ್ರಿಕ್ ಮುಗಿಸಿದ ಮೇಲೆ ಅದರ ಮುಂದೆ ಕೂತವಳು ನಾನು. ನಮ್ಮ ಹಿಂದಿನ ಓಣಿಯಲ್ಲಿ ವಿಜಾಪುರದ ಕಡೆಯ ಇಬ್ಬರು ಅಣ್ಣತಮ್ಮಂದಿರ ಸಂಸಾರ ಒಂದೇ ಬಾಡಿಗೆ ಮನೆಯಲ್ಲಿತ್ತು. ಅಣ್ಣ ಅರಳೆ ಹಿಂಜಿ ಗಾದಿ ತುಂಬುವವರು. ಓಣಿಗೆಲ್ಲ ಅವರು ಗಾದಿ ಚಾಚಾ, ಅವರ ಹೆಂಡತಿ ಚಾಚಿ. ತಮ್ಮ ಗೋಡೆ ಕಟ್ಟುವ ಗೌಂಡಿ; ಅವನ ಹೆಂಡತಿಗೆ ನಾವೆಲ್ಲ ಸಣ್ಣ ಚಾಚಿ ಅನ್ನುತ್ತಿದ್ದೆವು. ನಾನು ಕುಳ್ಳಿ, ಮಷಿನ್ನಿಗೆ ಕೈ ಎಟುಕಲು ಒದ್ದಾಡುತ್ತಿದ್ದೆ. ಅದನ್ನು ಕಂಡ ಚಾಚಾ ಒಂದು ದಿನ ಹೇಳದೆ ಕೇಳದೆ ಕುರ್ಚಿಯ ಅಳತೆಗೆ ಒಂದು ದಪ್ಪ ಲೋಡು ಹೊಲಿದು ತಂದಿಟ್ಟು ಹೋದರು. ಅಂಥ ಮನುಷ್ಯ.

ಆಗ ನಮ್ಮ ಕಡೆಯವರು ಕೊಲ್ಲಿ ದೇಶಗಳಿಗೆ ಹೊರಟ ಕಾಲ. ಅರ್ಜಿ ತುಂಬಿಸಲು ಅಪ್ಪನ ಬಳಿ ಬರುತ್ತಿದ್ದರು. ಒಂದೇ ಮಾತನ್ನು ನೂರು ಜನಕ್ಕೆ ಹೇಳಿ ಬೇಸತ್ತ ಅಪ್ಪ, ಕನ್ನಡದಲ್ಲಿ ಒಂದು ಹಾಳೆ ಬರೆದು ಗೋಡೆಗೆ ಅಂಟಿಸಿದ್ದರು. ಪಾಸ್‌ಪೋರ್ಟಿನ ನಕಲು ಮನೆಯಲ್ಲಿಟ್ಟು ಹೋಗಿ. ಇಳಿದ ಕೂಡಲೇ ನಮ್ಮ ದೇಶದ ರಾಯಭಾರ ಕಚೇರಿಯಲ್ಲಿ ಹೆಸರು, ಹೆಂಡತಿಯ ವಿಳಾಸ ಬರೆಸಿ. ಅವಧಿ ಮುಗಿಯುವ ಮುಂಚೆ ನವೀಕರಿಸಿ. ಅಲ್ಲಿ ಮಗು ಹುಟ್ಟಿದರೆ, ಯಾರಾದರೂ ತೀರಿಕೊಂಡರೆ, ಕಚೇರಿಗೆ ತಿಳಿಸುವುದು ನಿಮ್ಮ ಕರ್ತವ್ಯ... ಹೊರಟವರು ಆ ಹಾಳೆಯತ್ತ ಕಣ್ಣು ಕೂಡ ಹಾಯಿಸುತ್ತಿರಲಿಲ್ಲ. ಅದನ್ನು ದಿನವೂ ನಿಂತು ಓದುತ್ತಿದ್ದವರು ಎಲ್ಲಿಗೂ ಹೋಗದ ಚಾಚಾ.

ಅದಕ್ಕೆ ಕಾರಣವಿತ್ತು. ಮೊದಲು ಹೊರಟವರು ಚಾಚಾನೇ. ಪಾಸ್‌ಪೋರ್ಟು, ವೀಸಾ ಎಲ್ಲ ಅವರ ಹೆಸರಿನಲ್ಲಿ ಬಂದಿತ್ತು. ಆದರೆ ವೈದ್ಯಕೀಯ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇಯಲ್ಲಿ ಕಲೆ ಕಂಡಿತು. ವರ್ಷಗಟ್ಟಲೆ ಅರಳೆ ಧೂಳು ಕುಡಿದ ಎದೆ ಅದು. ಬಂದ ವೀಸಾ ಹಾಳಾಗುತ್ತದಲ್ಲ ಎಂದು ಏಜೆಂಟನೊಬ್ಬ ದಾರಿ ತೋರಿಸಿದ. ಅಣ್ಣತಮ್ಮಂದಿರದು ಒಂದೇ ಅಚ್ಚಿನ ಮುಖ. ತಮ್ಮ ಅಣ್ಣನಂತೆ ಮೀಸೆ ಬಿಟ್ಟ, ಅಣ್ಣನ ಹೆಸರಿನಲ್ಲಿ ಬೇರೆ ಕಡೆ ಎದೆ ತೋರಿಸಿಕೊಂಡ, ಅಣ್ಣನ ಪಾಸ್‌ಪೋರ್ಟ್ ಹಿಡಿದು ವಿಮಾನ ಹತ್ತಿದ. ಅಪ್ಪನಿಗೆ ಇದು ಗೊತ್ತಾದದ್ದು ಅವನು ಹೋಗಿ ಮುಟ್ಟಿದ ಮೇಲೆ.

"ಹಾಳಿ ನೋಡಿ ನೋಡಿ ತಮ್ಮಗ ಬರದೆನ್ರಿ ಶೆಟ್ರ, ಕಚೇರ್ಯಾಗ ಹೆಸರು ಬರಸು ಅಂತ," ಎಂದು ಚಾಚಾ ಅಪ್ಪನ ಮುಂದೆ ಗೋಳಾಡಿದರು. "ಅಲ್ಲಿ ಯಾರರ ಮಾರಿ ನೋಡಿ ಹಿಡದ್ರ ಏನ್ ಮಾಡ್ಲಿ ಅಂತಾನ್ರಿ."

ಅಲ್ಲಿ ತಮ್ಮ ಹೆದರಿದ, ಇಲ್ಲಿ ಅಣ್ಣ. ಕಾಗದದ ಲೆಕ್ಕದಲ್ಲಿ ಚಾಚಾ ಸಮುದ್ರದಾಚೆ ಇದ್ದರು. ಊರಲ್ಲಿಲ್ಲದವನು ವೋಟು ಹಾಕುವುದು ಹೇಗೆ? ಹಾಕಲಿಲ್ಲ. ಜನಗಣತಿಯವರು ಬಂದರೆ ಹಿತ್ತಿಲ ಬಾಗಿಲಿನಿಂದ ಮಾಯ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಚಾಚಾ ಪೋಸ್ಟ್‌ಮನ್ನಿನ ಖಾಕಿ ಕಂಡರೂ ಹೆಗಲು ಒರೆಸಿಕೊಳ್ಳುತ್ತಿದ್ದರು. ನಾನು ನಗುತ್ತಿದ್ದೆ. ನನ್ನ ನಗು ನಿಂತದ್ದು ಪೊಲೀಸ್ ಬಂದ ದಿನ.

ಅಲ್ಲಿಯ ಕಂಪನಿಯವರೇ ಕಳಿಸಿದ ಪಾಸ್‌ಪೋರ್ಟ್ ನವೀಕರಣದ ವಿಚಾರಣೆಗೆ ಬಂದ ಪೇದೆ, ಅಂಗಡಿಯಲ್ಲಿ ವಿಳಾಸ ಕೇಳಿದ. ಮನೆ ತೋರಿಸಲು ಅಪ್ಪ ನನ್ನನ್ನು ಜೊತೆಗೆ ಕಳಿಸಿದರು. ಬಾಗಿಲು ತೆರೆದವರು ಚಾಚಾ, ಹುಬ್ಬಿನ ತುಂಬ ಅರಳೆ. ಪೇದೆ ಹಿಂದಿಯಲ್ಲಿ ಅವರದೇ ಹೆಸರು ಹೇಳಿ, ಈ ಮನುಷ್ಯ ಎಲ್ಲಿದ್ದಾನೆ ಎಂದು ಕೇಳಿದ. ಚಾಚಾ, ಪರದೇಶದಲ್ಲಿದ್ದಾನೆ ಎಂದರು. ನೀನು ಯಾರು? ಅವನ ತಮ್ಮ. ಪೇದೆ ಬರೆದುಕೊಂಡ, ಹೋದ. ಎರಡೇ ಎರಡು ನಿಮಿಷದ ಕೆಲಸ. ಚಾಚಾ ಹೊಸ್ತಿಲ ಮೇಲೆ ಕುಸಿದು ಕೂತರು.

"ನಾ ಇಲ್ಲ ಅಂತ ನನ್ನ ಬಾಯಿಲೆ ನಾನ ಹೇಳಿದೆ, ಬೇಟಿ," ಎಂದರು.

ಇದಾಗಿ ಎರಡು ವರ್ಷವಾಗಿರಬಹುದು, ಮೂರೂ ಇರಬಹುದು... ತೊಂಬತ್ತರ ದಶಕ ಶುರುವಾಗಿತ್ತು. ಒಂದು ಮಧ್ಯಾಹ್ನ, ಓಣಿಯವರು ತಾರ್ ಅನ್ನುವ ಟೆಲಿಗ್ರಾಮ್ ಬಂತು. ಅವರ ಟಪಾಲೆಲ್ಲ ನಮ್ಮ ಅಂಗಡಿಯ ವಿಳಾಸಕ್ಕೇ ಬರುತ್ತಿತ್ತು. ಇಂಗ್ಲಿಷ್ ಓದಿ ಹೇಳುವವಳೂ ನಾನೇ. ಚಾಚಿಯ ಹೆಸರಿಗೆ ಬಂದಿತ್ತು. ನಿಮ್ಮ ಗಂಡ ಕಟ್ಟಡದಿಂದ ಬಿದ್ದು ತೀರಿಕೊಂಡಿದ್ದಾರೆ ಎಂದಿತ್ತು, ಚಾಚಾನ ಹೆಸರಿತ್ತು. ಆ ಹೆಸರಿನ ಮನುಷ್ಯ ಎದುರಿನ ಕಟ್ಟೆಯ ಮೇಲೆ ಕೂತು ನಮ್ಮದೇ ತಲೆದಿಂಬಿಗೆ ಹೊಲಿಗೆ ಹಾಕುತ್ತಿದ್ದರು. ಹಾಳೆಯನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಓದಿ, ಎದ್ದು ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟರು.

ಚಾಚಾ ಅಳುತ್ತಾರೆ ಎಂದುಕೊಂಡಿದ್ದೆ. ಅವರು ಮೊದಲು ಮಾಡಿದ್ದು ಅಂಗಡಿಯ ಬಾಗಿಲು ಎಳೆದುಕೊಂಡದ್ದು.

"ಓಣ್ಯಾಗ ಯಾರಿಗೂ ಗೊತ್ತಾಗಬಾರದ್ರಿ. ತಮ್ಮ ಸತ್ತ ಅಂತ ಓಣಿ ಅಂತೈತಿ, ಅಣ್ಣ ಸತ್ತ ಅಂತ ಸರ್ಕಾರ ಅಂತೈತಿ. ಜೇಲಿಗೆ ಹೊಕ್ಕೀನ್ರಿ. ಮನ್ಯಾನ ಹೆಂಗಸ್ರು ಇಬ್ರೂ ಬೀದಿಗೆ ಬೀಳ್ತಾರ್ರಿ."

ಅಳು ಬಂದದ್ದು ಅದಾದ ಮೇಲೆ, ಬಾಯಿಗೆ ಹಿಡಿ ಅರಳೆ ತುರುಕಿಕೊಂಡು ಅತ್ತರು. ನಾನು ಗೋಡೆಯ ಕಡೆ ಮುಖ ತಿರುಗಿಸಿ ನಿಂತೆ.

ಸಣ್ಣ ಚಾಚಿಗೆ ಸುದ್ದಿ ಹೇಳಿದವಳು ಚಾಚಿ, ಒಳಕೋಣೆಯಲ್ಲಿ. ಆಕೆ ಕೂಗದಂತೆ ಸೆರಗಿನಿಂದ ಬಾಯಿ ಒತ್ತಿ ಹಿಡಿದಿದ್ದಳಂತೆ. ಸಣ್ಣ ಚಾಚಿ ಕೇಳಿದ್ದು ಒಂದೇ ಮಾತು. "ಒಂದ್ ಸಲ ಮಾರಿ ನೋಡ್ತೇನಿ, ತರಸ್ರಿ." ಅಪ್ಪನಿಗೆ ವಿಧಾನ ಗೊತ್ತಿತ್ತು. ಹೆಂಡತಿಯ ಒಪ್ಪಿಗೆಪತ್ರ, ರಾಯಭಾರ ಕಚೇರಿಯ ಕಾಗದ, ರದ್ದಾದ ಪಾಸ್‌ಪೋರ್ಟು, ಇಷ್ಟಿದ್ದರೆ ಹೆಣ ವಿಮಾನದಲ್ಲಿ ಬರುತ್ತದೆ. ಆದರೆ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ಬಿಡಿಸಿಕೊಳ್ಳಲು ಯಾರು ಹೋಗಬೇಕು? ಸತ್ತವನ ಮುಖದವನೇ ಹೋಗಿ ನಿಂತರೆ? ಎರಡು ದಿನ ಅಪ್ಪ ಬಡಿದಾಡಿದರು, ನಿಜ ಹೇಳಿಬಿಡೋಣ, ವಕೀಲರನ್ನು ಹಿಡಿಯೋಣ ಎಂದರು. ಚಾಚಾ ಕೇಳಲಿಲ್ಲ. ಅಪ್ಪನೂ ಏನು ಹುಲಿಯಲ್ಲ, ಅರ್ಜಿಗಳಲ್ಲಿ ತಮ್ಮದೇ ಕೈಬರಹವಿದೆ ಎಂದು ನೆನಪಾದೊಡನೆ ತಣ್ಣಗಾದರು.

ಕೊನೆಗೆ ಕಾಗದ ಟೈಪ್ ಮಾಡಿದವಳು ನಾನು. ನನ್ನ ಗಂಡನನ್ನು ಅಲ್ಲಿಯೇ ದಫನ್ ಮಾಡಲು ನನ್ನ ಪೂರ್ಣ ಒಪ್ಪಿಗೆಯಿದೆ. ಸಹಿ ಮಾಡಬೇಕಾದವಳು ಚಾಚಿ, ಕಾಗದದ ವಿಧವೆ. ನೋಟರಿ ವಕೀಲರ ಮುಂದೆ ಕೂರುವವಳ ಕೈಯಲ್ಲಿ ಬಳೆ ಇದ್ದರೆ ಹೇಗೆ? ಚಾಚಿ ಎರಡೂ ಕೈಯನ್ನು ಬುರ್ಖಾದೊಳಗೆ ಬಚ್ಚಿಟ್ಟುಕೊಂಡು ಹಟ ಹಿಡಿದಳು.

"ಕಣ್ಣೆದುರಿಗೆ ಕುಂತಾರ. ನಾ ತಗಿಯಾಂಗಿಲ್ಲ. ಖರೇನ ಏನರ ಆದ್ರ?"

ಚಾಚಾ ಆಕೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಗಾಜು ಒಡೆಯದಂತೆ ಬಳೆಗಳನ್ನು ಒಂದೊಂದಾಗಿ ತಾವೇ ಇಳಿಸಿ ಜೇಬಿಗೆ ಹಾಕಿಕೊಂಡರು. ಬಾಗಿಲ ಸಂದಿಯಲ್ಲಿ ಸಣ್ಣ ಚಾಚಿ ನಿಂತಿದ್ದಳು, ಆಕೆಯ ಕೈತುಂಬ ಬಳೆ. ಅವನ್ನು ತೆಗೆಯಬೇಡ, ಓಣಿಯ ಕಣ್ಣಿಗೆ ಬೀಳುತ್ತದೆ ಎಂದು ಚಾಚಾನ ಅಪ್ಪಣೆಯಾಗಿತ್ತು. ಅವತ್ತು ಆಕೆ ನನ್ನ ಕಡೆ ನೋಡಿದ ನೋಟ... ಬೇಡ, ಅದನ್ನು ಬರೆಯಲಾರೆ.

ನಾಲ್ಕು ದಿನ ತಡಿ, ಎಲ್ಲ ತಣ್ಣಗಾಗಲಿ, ಆಮೇಲೆ ಅಳು ಎಂದು ಆಕೆಗೆ ಹೇಳಿದ್ದರು ಚಾಚಾ. ನಾಲ್ಕು ದಿನ ಆರು ವರ್ಷವಾಯಿತು. ಕಂಪನಿಯಿಂದ ಏನು ಬರಬೇಕಿತ್ತೋ ಅದನ್ನೂ ಕೇಳಲು ಬಿಡಲಿಲ್ಲ. ಸಣ್ಣ ಚಾಚಿ ಗಾದಿಗೆ ಗವಸು ಹೊಲಿದು ದಿನ ತಳ್ಳಿದಳು. ಪತ್ರ ಯಾಕೆ ಬರುವುದಿಲ್ಲ ಎಂದು ಓಣಿಯವರು ಕೇಳತೊಡಗಿದರು. ಆಮೇಲೆ ಅವರೇ ಉತ್ತರ ಹುಡುಕಿಕೊಂಡರು, ಅಲ್ಲೇ ಯಾರನ್ನೋ ಕಟ್ಟಿಕೊಂಡಿದ್ದಾನೆ ಎಂದರು. ಸತ್ತ ಗಂಡನ ಮೇಲೆ ಬಂದ ಆ ಮಾತನ್ನು ಆಕೆ ನಲ್ಲಿಯ ಸಾಲಿನಲ್ಲಿ ನಿಂತು ಕೇಳಿಸಿಕೊಂಡಳು, ಕೊಡ ತುಂಬಿಕೊಂಡು ಬಂದಳು. ಚಾಚಾ ಇಷ್ಟು ಒಳ್ಳೆಯವರು, ಈ ಕ್ರೌರ್ಯ ಅವರಿಗೆ ಕಾಣಲಿಲ್ಲವೇ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಾಣುತ್ತಿತ್ತು ಅಂತ ಈಗ ಅನಿಸುತ್ತದೆ. ಆಕೆ ಎದುರಿಗೆ ಬಂದರೆ ಅವರು ತಲೆ ಎತ್ತುತ್ತಿರಲಿಲ್ಲ. ಹೆದರಿದ ಮನುಷ್ಯ ಎಷ್ಟು ಒಳ್ಳೆಯವನಾದರೂ ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅವರ ಕೆಮ್ಮು ಜೋರಾಯಿತು. ಆಸ್ಪತ್ರೆಯಲ್ಲಿ ಹೆಸರು ಹೇಳಬೇಕಾಗುತ್ತದೆ ಎಂದು ಹೋಗಲಿಲ್ಲ, ಮೆಡಿಕಲ್ ಅಂಗಡಿಯ ಔಷಧಿ ಕುಡಿದುಕೊಂಡು ಇದ್ದರು. ಒಂದು ಬೆಳಗ್ಗೆ ಕೂತಲ್ಲಿಯೇ ಹೋದರು. ಮರಣ ನೋಂದಣಿಯ ಅರ್ಜಿ ಹಿಡಿದು ನಾನು ಅವರ ಮನೆಗೆ ಹೋದೆ. ಅಪ್ಪ ಅಷ್ಟು ಹೊತ್ತಿಗೆ ಹಾಸಿಗೆ ಹಿಡಿದಿದ್ದರು.

ಮೊದಲ ಸಾಲೇ ಸತ್ತವರ ಹೆಸರು. ನನ್ನ ಕೈ ನಿಂತಿತು. ಆ ಹೆಸರಿನ ಮನುಷ್ಯ ಕಾಗದದ ಮೇಲೆ ಆರು ವರ್ಷದ ಹಿಂದೆಯೇ ಸತ್ತಾಗಿತ್ತು.

"ಏನಂತ ಬರೀಲಿ ಚಾಚಿ?"

ಚಾಚಿ ಗೋಡೆ ನೋಡುತ್ತ ಕೂತಿದ್ದಳು. ಉತ್ತರ ಬಂದದ್ದು ಸಣ್ಣ ಚಾಚಿಯಿಂದ. ಅಷ್ಟು ವರ್ಷಗಳಲ್ಲಿ ಆಕೆ ಗಟ್ಟಿಯಾಗಿ ಆಡಿದ್ದನ್ನು ನಾನು ಕೇಳಿರಲೇ ಇಲ್ಲ.

"ನಮ್ಮವರ ಹೆಸರು ಬರಿ," ಎಂದಳು.

ಬರೆದೆ. ಸತ್ತವರ ಸಾಲಿನಲ್ಲಿ ತಮ್ಮನ ಹೆಸರು, ಹೆಂಡತಿಯ ಹೆಸರು ಎಂಬಲ್ಲಿ ಆಕೆಯ ಹೆಸರು ತುಂಬಿದೆ. ನಾನು ಮಾಡಿದ್ದು ಅಪರಾಧ ಎಂದು ಗೊತ್ತಿತ್ತು. ನಾನು ಆಕೆಯ ಹೆಬ್ಬೆಟ್ಟು ಒತ್ತಿಸಿಕೊಂಡದ್ದೇ ತಡ, ಸಣ್ಣ ಚಾಚಿ ಬಾಗಿಲು ತೆರೆದಿಟ್ಟು, ನಡುಮನೆಯಲ್ಲಿ ಬಿದ್ದು ಅಳತೊಡಗಿದಳು. ಓಣಿ ಕೇಳುವ ಹಾಗೆ, ಪೇಟೆ ಕೇಳುವ ಹಾಗೆ ಅತ್ತಳು. ಬಳೆ ನೆಲಕ್ಕೆ ಬಡಿದು ಒಡೆದಳು. ಹೆಂಗಸರು ಓಡಿ ಬಂದರು. ಗಂಡನನ್ನು ಕಳೆದುಕೊಂಡ ಚಾಚಿ ಸುಮ್ಮನೆ ಕೂತಿದ್ದಾಳೆ, ಭಾವ ಸತ್ತದ್ದಕ್ಕೆ ಇವಳು ಹೀಗೆ ಅಳುವುದೇ ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನಾನು ಅರ್ಜಿ ಮಡಚಿ ಹಿಡಿದು ಅವರ ನಡುವೆಯೇ ಹೊರಗೆ ಬಂದೆ.

ಈಗ ಅಪ್ಪ ಇಲ್ಲ, ಚಾಚಿಯೂ ಇಲ್ಲ. ಕಾಗದದ ಪ್ರಕಾರ ಅಣ್ಣತಮ್ಮ ಇಬ್ಬರೂ ತೀರಿಕೊಂಡಿದ್ದಾರೆ, ಇಬ್ಬರ ತಾರೀಖೂ ತಪ್ಪು. ಇದನ್ನು ಬರೆಯುವಾಗಲೂ ಒಮ್ಮೆ ಎದ್ದು ಹೋಗಿ ಕದ ನೋಡಿ ಬಂದೆ. ಚಾಚಾ ನನಗೆ ಬಿಟ್ಟುಹೋದದ್ದು ಈ ಹೆದರಿಕೆಯನ್ನೇ. ಅವರನ್ನು ನೆನೆದರೆ ಸಿಟ್ಟು ಬರುತ್ತದೆ, ಸಿಟ್ಟಿನ ಜೊತೆಗೇ ಕಣ್ಣಲ್ಲಿ ನೀರೂ ಬರುತ್ತದೆ.

ಸಣ್ಣ ಚಾಚಿ ವಿಜಾಪುರದ ಕಡೆ ತಂಗಿಯ ಮನೆಯಲ್ಲಿದ್ದಾಳೆ. ಹೋದ ವರ್ಷ ಹುಡುಕಿಕೊಂಡು ಹೋಗಿ ನೋಡಿ ಬಂದೆ. ಗಂಡನ ಹೆಸರಿನಲ್ಲಿ ವರ್ಷಕ್ಕೊಮ್ಮೆ ಫಾತಿಹಾ ಪ್ರಾರ್ಥನೆ ಓದಿಸುವುದು ಯಾವ ದಿನ ಎಂದು ಹೆದರುತ್ತಲೇ ಕೇಳಿದೆ.

"ತಾರ್ ಬಂದ ದಿನ," ಎಂದಳು. "ಮುಲ್ಲಾನ ಕರದು ಓದಿಸೂದಿಲ್ಲ. ಬಾಗ್ಲಾ ಹಾಕ್ಕೊಂಡು ನಾನ ಓದತೇನಿ."

"ಈಗ ಯಾರ ಹೆದರಿಕಿ, ಸಣ್ಣ ಚಾಚಿ?"

ಆಕೆ ಎದ್ದು ಹೋಗಿ, ತೆರೆದಿದ್ದ ಬಾಗಿಲನ್ನು ಮುಚ್ಚಿ ಬಂದು ನನ್ನ ಪಕ್ಕದಲ್ಲಿ ಕೂತಳು.