ನಾಯಿಯ ಬಾಣಂತನ

ನನ್ನ ನಾಯಿ ವಿಪರೀತ ದಪ್ಪಗಿತ್ತು. ಅದರಲ್ಲಿ ಮುಚ್ಚಿಡುವುದೇನಿಲ್ಲ. ಮಸ್ಕಿಯ ನಮ್ಮ ಓಣಿಯಲ್ಲಿ ಬೆಳಿಗ್ಗೆ ಹಂಚಿನಿಂದ ಇಳಿದ ಮೊದಲ ರೊಟ್ಟಿ ನಾಯಿಗೆ. ಮನೆ ಒಂಬತ್ತು, ನಾಯಿ ಒಂದೇ. ನಾನೊಬ್ಬಳು ಅಳೆದು ಹಾಕಿ ಏನು ಪ್ರಯೋಜನ?

ಮರಿಯಾಗದ ಆಪರೇಷನ್ ಮಾಡಿಸಲು ಕರೆದೊಯ್ದಾಗ ಲಿಂಗಸುಗೂರಿನ ದನದ ಡಾಕ್ಟರು ಪಕ್ಕದ ಗೊಬ್ಬರದ ಅಂಗಡಿಯ ತೂಕದ ಯಂತ್ರದ ಮೇಲೆ ಅವಳನ್ನು ನಿಲ್ಲಿಸಿದರು. ಮೂವತ್ತಾರು ಕಿಲೋ.

"ಈ ಕೊಬ್ಬಿನಾಗ ಗರ್ಭಕೋಶ ಹುಡುಕೋದ ಕಷ್ಟ ಐತ್ರೀ. ಎಚ್ಚರ ತಪ್ಸೋ ಇಂಜೆಕ್ಷನ್ ಕೊಟ್ಟಾಗ ಉಸಿರು ನಿಂತ್ರ? ಮೊದ್ಲ ತೂಕ ಇಳಸ್ರಿ."

ಓಣಿಗೆ ಇಷ್ಟೇ ಸಾಕಾಗಿತ್ತು. ಮೂಕಪ್ರಾಣಿಯ ಹೊಟ್ಟೆ ಕೊಯ್ಯಿಸುವುದು ಪಾಪ ಎಂದು ಮನೆಗೊಬ್ಬರು ಬಂದು ಹೇಳಿ ಹೋದರು. ಹಿಂದಿನ ವರ್ಷ ಅವಳ ನಾಲ್ಕು ಮರಿಗಳು ಭತ್ತದ ಟ್ರ್ಯಾಕ್ಟರುಗಳ ಗಾಲಿಗೆ ಸಿಕ್ಕಿ ಸತ್ತಾಗ, ಬಕೆಟ್ಟಿನಲ್ಲಿ ಎತ್ತಿಕೊಂಡು ಹೋಗಿ ಹೂಳಿದವಳು ನಾನು. ಪಾಪ ಪುಣ್ಯದವರು ಆ ದಿನ ಬಾಗಿಲಿಗೂ ಬಂದಿರಲಿಲ್ಲ. ಹಾಗಾಗಿ ನಾನು ಹಟ ಹಿಡಿದೆ. ಮೂರು ತಿಂಗಳು ಗೇಟಿಗೆ ಬೀಗ ಹಾಕಿ, ಬಂದ ರೊಟ್ಟಿಗಳನ್ನೆಲ್ಲ ವಾಪಸ್ಸು ಕಳಿಸಿ, ಎಲ್ಲರ ಕಣ್ಣಲ್ಲೂ ಕೆಟ್ಟವಳಾದೆ. ಇಳಿದದ್ದು ನಾಲ್ಕೇ ಕಿಲೋ.

ಸಿಂಧನೂರಿನ ಡಾಕ್ಟರು ಒಪ್ಪಿಕೊಂಡರು. ಒಂದು ಗಂಟೆಯ ಕೆಲಸ ಎಂದವರು ಎರಡೂವರೆ ಗಂಟೆಯ ಮೇಲೆ ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಬದುಕ್ಯಾಳ್ರಿ. ಆದ್ರ ಹೊಲಿಗಿ ಮ್ಯಾಲ ಭಾಳ ಭಾರ ಐತಿ. ಗಾಯಕ್ಕ ಗಾಳಿ ಆಡ್ಲಿ, ಜಿಗಿಯಾಕ ಬಿಡಬ್ಯಾಡ್ರಿ."

ಮೂರು ದಿನ ರಜೆ ಹಾಕಿ ಪಕ್ಕದಲ್ಲೇ ಕುಳಿತೆ. ನಾಲ್ಕನೆಯ ದಿನ ಅವಳನ್ನು ಅತ್ತೆಗೆ ಒಪ್ಪಿಸಿ ಶಾಲೆಗೆ ಪಾಠ ಮಾಡಲು ಹೋದೆ. ಸಂಜೆ ಬಂದು ನೋಡಿದರೆ ನಾಯಿಯ ಹೊಟ್ಟೆಗೆ ಅತ್ತೆಯ ಹಳೆಯ ಸೀರೆ, ಸುತ್ತಿನ ಮೇಲೆ ಸುತ್ತು, ಉಸಿರು ಕಟ್ಟುವಷ್ಟು ಬಿಗಿ. ಮೂತಿಯ ಮುಂದೆ ತಾಟಿನಲ್ಲಿ ಅರ್ಧ ತಿಂದ ಅಂಟಿನುಂಡಿ, ಒಣಕೊಬ್ಬರಿ ತುಪ್ಪ ಸುರಿದು ಬಾಣಂತಿಯರಿಗೆ ಕಟ್ಟುವಂಥದ್ದು.

"ಆಪ್ರೇಷನ್ ಆದಾಕಿ ಹೊಟ್ಟಿ ಬಿಗದು ಕಟ್ಟಬೇಕಬೇ, ಇಲ್ಲಂದ್ರ ಗಾಳಿ ಹೊಕ್ಕತಿ. ನಡ ಗಟ್ಟಿ ಆಗ್ಲಿ ಅಂತ ಎರಡು ಉಂಡಿ ಕೊಟ್ಟೀನಿ," ಎಂದರು ಅತ್ತೆ, ಒಳ್ಳೆಯ ಕೆಲಸ ಮಾಡಿದವರ ದನಿಯಲ್ಲಿ.

ಸೀರೆ ಬಿಚ್ಚಿದೆ. ವಾಸನೆ ಮೂಗಿಗೆ ಬಡಿಯಿತು. ಮೂರು ಹೊಲಿಗೆ ಕಿತ್ತುಹೋಗಿ, ರಕ್ತ ನೀರಾಗಿ ಸೋರುತ್ತಿತ್ತು. ಮೈ ಕೆಂಡದಂತೆ ಸುಡುತ್ತಿತ್ತು.

"ನನ್ನ ನಾಯಿನ್ನ ಕೊಲ್ಲಾಕ ಕುಂತೀರೇನ್ರೀ?" ಎಂದು ನಾನು ಕಿರುಚಿದ್ದು ಒಂಬತ್ತು ಮನೆಗೂ ಕೇಳಿಸಿತು. ಸೊಸೆಯಾದವಳು ಹಾಗೆ ಮಾತಾಡಬಾರದು, ಗೊತ್ತು. ಅತ್ತೆ ಸೀರೆಯನ್ನು ಮಡಚಿಕೊಂಡು ಒಳಗೆ ಹೋದರು.

ಆಟೋದಲ್ಲಿ ಸಿಂಧನೂರಿನವರೆಗೂ ನಾಯಿಯ ತಲೆ ನನ್ನ ತೊಡೆಯ ಮೇಲಿತ್ತು. ಡಾಕ್ಟರು ಗಾಯ ತೊಳೆದು, ಹೊಸದಾಗಿ ಹೊಲಿದು, ನನಗೆ ಮನಸಾರೆ ಬೈದರು. ಎರಡು ದಿನ ಕಳೆಯದೆ ಏನೂ ಹೇಳಲಾರೆ ಎಂದರು. ಆ ಎರಡು ದಿನ ನಾನು ಅನ್ನ ಮುಟ್ಟಲಿಲ್ಲ. ಮೂರನೆಯ ದಿನ ಜ್ವರ ಇಳಿದು ಅವಳು ನೀರು ಕುಡಿದಳು, ನಾನು ಅತ್ತುಬಿಟ್ಟೆ.

"ನೋಡಿದೇನು, ನಾವು ಹೇಳಿದ್ವಿಲ್ಲ?" ಎಂದಿತು ಓಣಿ. "ಮುಂದ ಇನ್ನೊಂದು ನಾಯಿ ಸಾಕಿದ್ರ ಅದಕ್ಕೂ ಮಾಡಸ್ತೀನಿ," ಎಂದೆ. ಅತ್ತೆಯೊಂದಿಗೆ ಮಾತ್ರ ಮಾತು ಬಿಟ್ಟಿದ್ದೆ.

ಆಪರೇಷನ್ನಾದ ಹನ್ನೆರಡನೆಯ ದಿನ ಎದುರುಮನೆಯ ಮುದುಕಿ, ಅತ್ತೆಯ ಓರಗೆಯಾಕೆ, ರೊಟ್ಟಿ ಹಿಡಿದು ಹೊಸ್ತಿಲಿಗೆ ಬಂದಳು. ಮಲಗಿದ್ದ ನಾಯಿಯನ್ನು ನೋಡಿ ನಕ್ಕಳು. "ನಾಯಿಗಿ ಇಷ್ಟು ಸೇವಾ ಏನಬೇ! ಎಬ್ಸು, ತಿಂದು ಓಡ್ಯಾಡ್ಲಿ."

ಅತ್ತೆ ಬಾಗಿಲಿಗೆ ಅಡ್ಡ ನಿಂತರು. ರೊಟ್ಟಿಗೆ ಕೈ ಚಾಚಲಿಲ್ಲ.

"ನನ್ನ ಮಕ್ಕಳಾಗದ ಆಪ್ರೇಷನ್ ಆಗಿ ಎಂಟು ದಿನಕ್ಕ ನೀವೆಲ್ಲ ನಾಟಿ ಹಚ್ಚಾಕ ಕರಕೊಂಡು ಹೋದ್ರಿ. ಹೊಟ್ಟಿ ಹಿಡ್ಕೊಂಡು ಕೆಸರಾಗ ನಿಂತಿದ್ದೆ. ಕುಂದ್ರು ಅಂತ ಒಬ್ಬಾಕಿನೂ ಅನ್ಲಿಲ್ಲ, ನೀನೂ ಅನ್ಲಿಲ್ಲ. ಇಕಿ ಮಲಗ್ಲಿ. ನೀ ನಡಿ."

ಮುದುಕಿ ಕದಲಲಿಲ್ಲ. ನಾನು ಎದ್ದು ಹೋಗಿ ಅತ್ತೆಯ ಪಕ್ಕದಲ್ಲಿ, ಬಾಗಿಲಲ್ಲಿ ಉಳಿದಿದ್ದ ಜಾಗದಲ್ಲಿ ನಿಂತೆ.